ಕಾಣದ ಧೂಳು, ಎಣಿಸಿದ ಸಾವು



ಹೆಂಚಿನ ಮನೆಯ ಬೆಳಕಿಂಡಿಯಿಂದ ಇಳಿಯುವ ಬಿಸಿಲುಕೋಲನ್ನು ನೀವು ನೋಡಿಯೇ ಇರುತ್ತೀರಿ. ಅದರೊಳಗೆ ಅಸಂಖ್ಯ ಧೂಳಿನ ಕಣಗಳು ತೇಲಾಡುತ್ತಿರುತ್ತವೆ. ಗಾಳಿಯಲ್ಲಿರುವ ಧೂಳೆಂದರೆ ಇಷ್ಟೇ ಎಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅಲ್ಲಿ ನಮ್ಮ ಕಣ್ಣಿಗೆ ಬೀಳುವವು ದಪ್ಪ ಕಣಗಳು ಮಾತ್ರ. ಅವುಗಳ ನಡುವೆಯೇ ಇನ್ನೊಂದು ಬಗೆಯ ಕಣಗಳಿವೆ. ಅವುಗಳ ಅಡ್ಡಳತೆ ನಮ್ಮ ತಲೆಗೂದಲಿನ ದಪ್ಪದ ಇಪ್ಪತ್ತರಿಂದ ಮೂವತ್ತರಲ್ಲಿ ಒಂದು ಪಾಲು, ಅಥವಾ ಅದಕ್ಕಿಂತಲೂ ಕಡಿಮೆ. ವಿಜ್ಞಾನಿಗಳು ಅವುಗಳನ್ನು ಪಿ.ಎಂ. 2.5 ಎಂದು ಕರೆಯುತ್ತಾರೆ. ಎಂದರೆ 2.5 ಮೈಕ್ರಾನ್ ಅಥವಾ ಅದಕ್ಕಿಂತ ಚಿಕ್ಕದಾದ ಕಣಗಳು. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್.

ದೂರದರ್ಶನದಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಈ ವಿಷಯ ಒಂದು ತೊಡಕು. ಕಾರ್ಖಾನೆಯ ಚಿಮಣಿಯಿಂದ ಏಳುವ ಕಪ್ಪು ಹೊಗೆಯನ್ನು ಕ್ಯಾಮರಾ ಸುಲಭವಾಗಿ ಹಿಡಿಯುತ್ತದೆ. ರಸ್ತೆಯ ಕೆಂಧೂಳನ್ನೂ ಹಿಡಿಯುತ್ತದೆ. ಆದರೆ ಶುಭ್ರವಾಗಿ ಕಾಣುವ ಗಾಳಿಯಲ್ಲಿ ಅಡಗಿರುವ ಈ ಕಣವನ್ನು ತೋರಿಸುವುದು ಹೇಗೆ? ನಮಗಿರುವ ಈ ತೊಡಕೇ ಒಂದು ಕಾಲದಲ್ಲಿ ವೈದ್ಯರಿಗೂ ಸರ್ಕಾರಗಳಿಗೂ ಇತ್ತು. ಕಾಣದ ಕಣ ಮನುಷ್ಯನನ್ನು ಕೊಲ್ಲುತ್ತದೆ ಎಂಬ ಸಂಗತಿ ಜಗತ್ತಿಗೆ ಮನವರಿಕೆಯಾದದ್ದು ಬಹುಮಟ್ಟಿಗೆ ಸಾಮಾನ್ಯ ದಾಖಲೆಗಳಿಂದ: ಮರಣ ನೋಂದಣಿಯ ಪುಸ್ತಕ, ಆಸ್ಪತ್ರೆಯ ದಾಖಲಾತಿ ಪಟ್ಟಿ, ಜನರ ವಯಸ್ಸು ಮತ್ತು ವಿಳಾಸ. ಆ ಲೆಕ್ಕದ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನೋಡೋಣ.

ಹಳೆಯ ದೂರು

ಹೊಗೆಯ ಬಗ್ಗೆ ದೂರು ಹೊಸದಲ್ಲ. 1661ರಲ್ಲಿ ಇಂಗ್ಲೆಂಡಿನ ಜಾನ್ ಎವೆಲಿನ್ ಎಂಬ ವಿದ್ವಾಂಸ ಲಂಡನ್ ನಗರದ ಕಲ್ಲಿದ್ದಲ ಹೊಗೆಯನ್ನು ಕುರಿತು 'ಫ್ಯೂಮಿಫ್ಯೂಜಿಯಂ' ಎಂಬ ಪುಸ್ತಿಕೆ ಬರೆದು ದೊರೆ ಎರಡನೆಯ ಚಾರ್ಲ್ಸ್‌ಗೆ ಅರ್ಪಿಸಿದ. ಸುಣ್ಣದ ಗೂಡುಗಳನ್ನೂ ಮದ್ಯದ ಭಟ್ಟಿಗಳನ್ನೂ ಊರಾಚೆಗೆ ಕಳುಹಿಸಬೇಕು, ನಗರದ ಸುತ್ತ ಪರಿಮಳದ ಗಿಡಗಳನ್ನು ನೆಡಬೇಕು ಎಂಬುದು ಅವನ ಸಲಹೆ. ಮರುವರ್ಷ ಜಾನ್ ಗ್ರಾಂಟ್ ಎಂಬ ಜವಳಿ ವ್ಯಾಪಾರಿ ಲಂಡನ್ನಿನ ವಾರವಾರದ ಮರಣಪಟ್ಟಿಗಳನ್ನು ಕೂಡಿಸಿ, ಕಳೆದು, ಹೋಲಿಸಿ ಒಂದು ಗ್ರಂಥ ಪ್ರಕಟಿಸಿದ. ಸಾವುಗಳನ್ನು ಎಣಿಸಿ ರೋಗಗಳ ಸ್ವರೂಪವನ್ನು ಅರಿಯುವ ಶಾಸ್ತ್ರಕ್ಕೆ ಅದೇ ನಾಂದಿ ಎನ್ನಬಹುದು.

ಎವೆಲಿನ್ ಹೊಗೆಯನ್ನು ಕಂಡ, ಗ್ರಾಂಟ್ ಸಾವನ್ನು ಎಣಿಸಿದ. ಈ ಎರಡು ಕೆಲಸಗಳು ಸರಿಯಾಗಿ ಒಂದುಗೂಡಲು ಸುಮಾರು ಮುನ್ನೂರು ವರ್ಷ ಬೇಕಾಯಿತು. ನಡುವೆ ಕೈಗಾರಿಕಾ ಕ್ರಾಂತಿ ಬಂದಿತು. ಚಿಮಣಿಯ ಹೊಗೆ ಉದ್ಯೋಗದ, ಸಂಪತ್ತಿನ ಗುರುತಾಯಿತು. ಬಟ್ಟೆ ಮಸಿಯಾಗುವುದು, ಗೋಡೆ ಕಪ್ಪಾಗುವುದು, ಕೆಮ್ಮು ಬರುವುದು ಇವೆಲ್ಲ ನಗರವಾಸದ ಬೆಲೆ ಎಂದು ಜನ ಒಪ್ಪಿಕೊಂಡರು. ಹೊಗೆ ಮತ್ತು ಮಂಜು ಎರಡೂ ಬೆರೆತ ಸ್ಥಿತಿಗೆ 'ಸ್ಮಾಗ್' ಎಂಬ ಹೆಸರು 1905ರ ವೇಳೆಗೆ ಬಳಕೆಗೆ ಬಂದಿತು.

ಒಂದು ಕಣಿವೆ, ಒಂದು ಎಚ್ಚರಿಕೆ

1930ರ ಡಿಸೆಂಬರ್ ಮೊದಲ ವಾರ. ಬೆಲ್ಜಿಯಂ ದೇಶದ ಮ್ಯೂಸ್ ನದಿಯ ಕಣಿವೆಯಲ್ಲಿ ಉಕ್ಕು, ಸತು, ಗಾಜು ಮುಂತಾದ ಕಾರ್ಖಾನೆಗಳು ಸಾಲಾಗಿ ನಿಂತಿದ್ದವು. ಗಾಳಿ ಬೀಸುವುದು ನಿಂತಿತು. ಸಾಮಾನ್ಯವಾಗಿ ಮೇಲೇರಿದಂತೆ ಗಾಳಿ ತಂಪಾಗುತ್ತದೆ. ನೆಲದ ಬಿಸಿಗಾಳಿ ಹೊಗೆಯನ್ನು ಹೊತ್ತು ಮೇಲೇರಿ ಚದುರಿಸುತ್ತದೆ. ಆದರೆ ಕೆಲವು ಚಳಿಗಾಲದ ದಿನಗಳಲ್ಲಿ ಇದು ತಿರುಗುಮುರುಗಾಗುತ್ತದೆ. ನೆಲದ ಮೇಲೆ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ. ಪಾತ್ರೆಗೆ ಮುಚ್ಚಳ ಹಾಕಿದಂತೆ ಹೊಗೆ ಕೆಳಗೇ ಉಳಿಯುತ್ತದೆ. ಭೂಗೋಳದ ಪಾಠದಲ್ಲಿ ಬರುವ ಉಷ್ಣತಾ ವಿಲೋಮ ಎಂದರೆ ಇದೇ.

ಐದು ದಿನಗಳ ಅವಧಿಯಲ್ಲಿ ಆ ಕಣಿವೆಯಲ್ಲಿ 60ಕ್ಕೂ ಹೆಚ್ಚು ಜನ ಸತ್ತರು. ತನಿಖೆ ನಡೆಸಿದವರಲ್ಲಿ ಜೀನ್ ಫಿರ್ಕೆ ಎಂಬ ವೈದ್ಯ ವಿಜ್ಞಾನಿ ಒಬ್ಬರು. ಶವಪರೀಕ್ಷೆಯಲ್ಲಿ ಸತ್ತವರ ಶ್ವಾಸಕೋಶದ ಆಳದಲ್ಲಿ ಮಸಿಯ ಅತಿ ಸಣ್ಣ ಕಣಗಳು ಕಂಡವು. ಆದರೂ ಮುಖ್ಯ ಆಪಾದನೆ ಬಿದ್ದದ್ದು ಗಂಧಕದ ಅನಿಲಗಳ ಮೇಲೆ. ಫಿರ್ಕೆ ಇನ್ನೊಂದು ಕೆಲಸ ಮಾಡಿದರು. ಕಣಿವೆಯ ಸಾವಿನ ಪ್ರಮಾಣವನ್ನು ಲಂಡನ್ನಿನ ಜನಸಂಖ್ಯೆಗೆ ಅನ್ವಯಿಸಿ, ಇಂಥ ಘಟನೆ ಅಲ್ಲಿ ನಡೆದರೆ 3,200 ಮಂದಿ ಹಠಾತ್ತನೆ ಸಾಯಬಹುದು ಎಂದು 1936ರಲ್ಲಿ ಬರೆದರು. ಅದೊಂದು ಸರಳ ತ್ರೈರಾಶಿಯ ಲೆಕ್ಕ. ಯಾರೂ ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

1948ರ ಅಕ್ಟೋಬರ್ ಕೊನೆಯಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಡೊನೋರಾ ಎಂಬ ಪುಟ್ಟ ಪಟ್ಟಣದಲ್ಲಿ ಅದೇ ಕಥೆ ಮರುಕಳಿಸಿತು. ಸುಮಾರು 14,000 ಜನಸಂಖ್ಯೆಯ ಊರಿನಲ್ಲಿ 20 ಮಂದಿ ಸತ್ತರು, ಸಾವಿರಾರು ಮಂದಿ ಕಾಯಿಲೆ ಬಿದ್ದರು. ಮಳೆ ಬಂದ ಮೇಲಷ್ಟೇ ಗಾಳಿ ತಿಳಿಯಾಯಿತು.

ಲಂಡನ್, 1952

ಫಿರ್ಕೆಯವರ ಲೆಕ್ಕ ನಿಜವಾಗಲು ಹದಿನಾರು ವರ್ಷ ಹಿಡಿಯಿತು. 1952ರ ಡಿಸೆಂಬರ್ 5, ಶುಕ್ರವಾರ. ಲಂಡನ್ನಿನಲ್ಲಿ ಕೊರೆಯುವ ಚಳಿ. ಲಕ್ಷಾಂತರ ಮನೆಗಳ ಅಗ್ಗಿಷ್ಟಿಕೆಗಳಲ್ಲಿ ಕಳಪೆ ದರ್ಜೆಯ ಕಲ್ಲಿದ್ದಲು ಉರಿಯುತ್ತಿತ್ತು. ನಗರದೊಳಗೇ ಇದ್ದ ವಿದ್ಯುತ್ ಸ್ಥಾವರಗಳೂ ಕಲ್ಲಿದ್ದಲನ್ನೇ ಸುಡುತ್ತಿದ್ದವು. ಅದೇ ವರ್ಷದ ಜುಲೈ ತಿಂಗಳಲ್ಲಿ ವಿದ್ಯುತ್ ಟ್ರಾಂಗಳ ಸಂಚಾರ ಕೊನೆಗೊಂಡು ಅವುಗಳ ಜಾಗಕ್ಕೆ ಡೀಸೆಲ್ ಬಸ್ಸುಗಳು ಬಂದಿದ್ದವು. ಗಾಳಿ ನಿಂತಿತು, ಆಕಾಶದ ಮುಚ್ಚಳ ಬಿದ್ದಿತು. ದಿನವೊಂದಕ್ಕೆ ಸುಮಾರು 1,000 ಟನ್ ಹೊಗೆಯ ಕಣಗಳು ನಗರದ ಗಾಳಿಗೆ ಸೇರಿದವು ಎಂದು ಅಲ್ಲಿನ ಹವಾಮಾನ ಇಲಾಖೆ ಅಂದಾಜು ಮಾಡಿದೆ.

ಹಳದಿ ಮಿಶ್ರಿತ ಕಪ್ಪು ಮಂಜು ಐದು ದಿನ ಕದಲಲಿಲ್ಲ. ಬಸ್ಸುಗಳ ಮುಂದೆ ಕಂಡಕ್ಟರುಗಳು ದೀಪ ಹಿಡಿದು ನಡೆಯಬೇಕಾಯಿತು. ಮಂಜು ರಂಗಮಂದಿರದ ಒಳಗೂ ನುಗ್ಗಿ, ಪ್ರೇಕ್ಷಕರಿಗೆ ರಂಗವೇ ಕಾಣದಂತಾಗಿ ಒಂದು ಸಂಗೀತ ನಾಟಕವನ್ನು ಅರ್ಧಕ್ಕೆ ನಿಲ್ಲಿಸಿದರು. ಸ್ಮಿತ್‌ಫೀಲ್ಡ್ ಪ್ರದರ್ಶನಕ್ಕೆಂದು ತಂದಿದ್ದ ದನಗಳು ಏದುಸಿರು ಬಿಟ್ಟವು, ಕೆಲವು ಸತ್ತವು. ಇಷ್ಟಾದರೂ, ನಗರದಲ್ಲಿ ದೊಡ್ಡದೊಂದು ಅನಾಹುತ ನಡೆಯುತ್ತಿದೆ ಎಂದು ಆ ದಿನಗಳಲ್ಲಿ ಹೆಚ್ಚಿನವರಿಗೆ ತೋರಲಿಲ್ಲ. ಲಂಡನ್ನಿನವರಿಗೆ ಮಂಜು ಹೊಸದೇನಲ್ಲ. ಬೀದಿಯಲ್ಲಿ ಹೆಣಗಳು ಬಿದ್ದಿರಲಿಲ್ಲ. ವೃದ್ಧರು, ಹಸುಗೂಸುಗಳು, ಮೊದಲೇ ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಇದ್ದವರು ತಮ್ಮ ತಮ್ಮ ಮನೆಗಳಲ್ಲಿ, ಆಸ್ಪತ್ರೆಗಳಲ್ಲಿ ಸಾಯುತ್ತಿದ್ದರು.

ಅನಾಹುತ ಬಯಲಾದದ್ದು ನೋಂದಣಿ ಪುಸ್ತಕಗಳು ಕೈಗೆ ಬಂದ ಮೇಲೆ. ಡಿಸೆಂಬರ್ 13ಕ್ಕೆ ಕೊನೆಗೊಂಡ ವಾರದಲ್ಲಿ ಬೃಹತ್ ಲಂಡನ್ನಿನಲ್ಲಿ 4,703 ಸಾವುಗಳು ದಾಖಲಾಗಿದ್ದವು. ಹಿಂದಿನ ವರ್ಷದ ಅದೇ ವಾರದಲ್ಲಿ ಆ ಸಂಖ್ಯೆ 1,852 ಮಾತ್ರ. ಈ ಬಗೆಯ ಹೋಲಿಕೆಯಿಂದ, ಮಂಜಿನ ಕಾರಣಕ್ಕೆ ಸುಮಾರು 4,000 ಮಂದಿ ಹೆಚ್ಚಾಗಿ ಸತ್ತರೆಂದು ಅಧಿಕೃತವಾಗಿ ಹೇಳಲಾಯಿತು. ಇಲ್ಲಿ ಒಂದು ಮಾತನ್ನು ಗಮನಿಸಿ. ಆ ನಾಲ್ಕು ಸಾವಿರ ಮಂದಿ ಯಾರು ಯಾರು ಎಂದು ಹೆಸರಿಟ್ಟು ಹೇಳಲು ಯಾರಿಗೂ ಸಾಧ್ಯವಿರಲಿಲ್ಲ. ಮರಣಪತ್ರಗಳಲ್ಲಿ ನ್ಯುಮೋನಿಯಾ, ಶ್ವಾಸನಾಳದ ಉರಿಯೂತ, ಹೃದಯಾಘಾತ ಎಂದಿತ್ತೇ ಹೊರತು ಹೊಗೆ ಎಂದಿರಲಿಲ್ಲ. ಹೊಗೆಯ ಪಾಲು ಕಂಡದ್ದು ಒಟ್ಟು ಮೊತ್ತದಲ್ಲಿ ಮಾತ್ರ.

ಮಂಜು ಸರಿದ ಮೇಲೂ ಸಾವಿನ ಸಂಖ್ಯೆ ಸಹಜ ಮಟ್ಟಕ್ಕೆ ಇಳಿಯಲಿಲ್ಲ. 1953ರ ಮೊದಲ ತಿಂಗಳುಗಳ ಹೆಚ್ಚುವರಿ ಸಾವುಗಳನ್ನು ಸರ್ಕಾರ ಇನ್‌ಫ್ಲುಯೆಂಜಾದ ಲೆಕ್ಕಕ್ಕೆ ಬರೆಯಿತು. ಅರ್ಧ ಶತಮಾನದ ನಂತರ, 2001ರಲ್ಲಿ, ಮಿಶೆಲ್ ಬೆಲ್ ಮತ್ತು ಡೆವ್ರಾ ಡೇವಿಸ್ ಎಂಬ ಇಬ್ಬರು ಸಂಶೋಧಕಿಯರು ಹಳೆಯ ದಾಖಲೆಗಳನ್ನು ಮತ್ತೆ ತೆರೆದರು. ಅಷ್ಟು ಸಾವುಗಳನ್ನು ಹೊರುವಷ್ಟು ದೊಡ್ಡ ಜ್ವರ ಆ ವರ್ಷ ಇರಲಿಲ್ಲವೆಂದೂ, ನಿಜವಾದ ಸಂಖ್ಯೆ 12,000ದ ಆಸುಪಾಸಿನಲ್ಲಿ ಇರಬೇಕೆಂದೂ ಅವರು ತೋರಿಸಿದರು. ಇನ್ನೊಂದು ತಂಡ, ಆಗ ಸತ್ತವರ ಶ್ವಾಸಕೋಶದ ತುಣುಕುಗಳು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಉಳಿದಿದ್ದುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ 2003ರಲ್ಲಿ ವರದಿ ಮಾಡಿತು. ಅವುಗಳಲ್ಲಿ ಇಂಗಾಲದ, ಲೋಹಗಳ ಅತಿ ಸೂಕ್ಷ್ಮ ಕಣಗಳು ಇನ್ನೂ ಕುಳಿತಿದ್ದವು.

ಹೊಗೆ ಹೋಯಿತು, ಕಣ ಉಳಿಯಿತು

ಸರ್ ಹ್ಯೂ ಬೀವರ್ ಅವರ ಸಮಿತಿಯ ವರದಿಯ ನಂತರ 1956ರಲ್ಲಿ ಬ್ರಿಟನ್ನಿನ ಶುದ್ಧ ಗಾಳಿ ಕಾಯಿದೆ ಜಾರಿಗೆ ಬಂದಿತು. ಹೊಗೆರಹಿತ ವಲಯಗಳು ಏರ್ಪಟ್ಟವು. ಮನೆಗಳು ಅನಿಲಕ್ಕೂ ವಿದ್ಯುತ್ತಿಗೂ ಬದಲಾದವು. ವಿದ್ಯುತ್ ಸ್ಥಾವರಗಳು ಊರಾಚೆ ಹೋಗಿ ಎತ್ತರದ ಚಿಮಣಿಗಳನ್ನು ಕಟ್ಟಿಕೊಂಡವು. ಕಪ್ಪು ಮಂಜು ಕ್ರಮೇಣ ಮಾಯವಾಯಿತು. ಸಮಸ್ಯೆ ಮುಗಿಯಿತೆಂದು ಹಲವರು ನಂಬಿದರು.

ಆದರೆ ಎತ್ತರದ ಚಿಮಣಿ ಹೊಗೆಯನ್ನು ದೂರ ಸಾಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ಕಲ್ಲಿದ್ದಲಿನ ಗಂಧಕ ಉರಿದು ಸಲ್ಫರ್ ಡೈಆಕ್ಸೈಡ್ ಅನಿಲವಾಗುತ್ತದೆ. ವಾಹನಗಳ ಎಂಜಿನ್ನಿನಿಂದ ನೈಟ್ರೋಜನ್ನಿನ ಆಕ್ಸೈಡುಗಳು ಬರುತ್ತವೆ. ಗೊಬ್ಬರ, ಕೊಟ್ಟಿಗೆಗಳಿಂದ ಅಮೋನಿಯಾ ಏಳುತ್ತದೆ. ಈ ಅನಿಲಗಳು ಗಾಳಿಯಲ್ಲೇ ರಾಸಾಯನಿಕವಾಗಿ ಕೂಡಿಕೊಂಡು ಸಲ್ಫೇಟ್, ನೈಟ್ರೇಟ್ ಕಣಗಳಾಗುತ್ತವೆ. ಹೊರಡುವಾಗ ಅನಿಲ, ನೂರಾರು ಕಿಲೋಮೀಟರು ದಾಟುವಷ್ಟರಲ್ಲಿ ಸೂಕ್ಷ್ಮ ಕಣ! ಎಂದರೆ ಸೂಕ್ಷ್ಮ ಕಣಗಳಿಗೆ ಎರಡು ಮೂಲಗಳಿವೆ. ಒಂದು ನೇರವಾಗಿ ಬೆಂಕಿಯಿಂದ: ಡೀಸೆಲ್, ಕಲ್ಲಿದ್ದಲು, ಸೌದೆ, ಬೆರಣಿ, ಇಟ್ಟಿಗೆ ಗೂಡು, ಬೆಂಕಿ ಹಚ್ಚಿದ ಕಸದ ರಾಶಿ. ಇನ್ನೊಂದು ಹೀಗೆ ಆಕಾಶದಲ್ಲಿ ಹುಟ್ಟುವುದು. ರಸ್ತೆಯಿಂದ, ಕಟ್ಟಡ ಕಾಮಗಾರಿಯಿಂದ ಏಳುವ ಮಣ್ಣಿನ ಧೂಳು ಬಹುಪಾಲು ದಪ್ಪ ಕಣ. ಸೂಕ್ಷ್ಮ ಕಣ ಮುಖ್ಯವಾಗಿ ಬೆಂಕಿಯ ಸಂತಾನ.

ಗಾತ್ರವೇ ಏಕೆ ಮುಖ್ಯ?

ಭೌತಶಾಸ್ತ್ರದ ಸ್ಟೋಕ್ಸ್ ನಿಯಮವನ್ನು ಕಾಲೇಜಿನವರು ಓದಿರುತ್ತೀರಿ. ಗಾಳಿಯಲ್ಲಿ ಬೀಳುವ ಸಣ್ಣ ಕಣದ ವೇಗ ಅದರ ವ್ಯಾಸದ ವರ್ಗಕ್ಕೆ ಅನುಗುಣ. ನೀರಿನಷ್ಟೇ ಸಾಂದ್ರತೆಯ 10 ಮೈಕ್ರಾನ್ ಕಣವೊಂದು ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಮಿಲಿಮೀಟರಿನಂತೆ ಇಳಿಯುತ್ತದೆ. 3 ಮೀಟರ್ ಎತ್ತರದ ಕೋಣೆಯ ಮಾಳಿಗೆಯಿಂದ ನೆಲ ಮುಟ್ಟಲು ಅದಕ್ಕೆ ಕಾಲು ಗಂಟೆಯ ಮೇಲೆ ಸ್ವಲ್ಪ ಹೊತ್ತು ಸಾಕು. ಅದೇ 1 ಮೈಕ್ರಾನ್ ಕಣಕ್ಕೆ ಹೆಚ್ಚು ಕಡಿಮೆ ಒಂದು ದಿನವೇ ಬೇಕು. ಗಾಳಿ ಸ್ವಲ್ಪ ಅಲುಗಾಡಿದರೂ ಅದು ನೆಲ ಮುಟ್ಟುವುದೇ ಇಲ್ಲ. ಕಿಟಕಿಯ ಸಂದಿಯಿಂದ ಒಳಗೆ ಬರುತ್ತದೆ, ಉಸಿರಿನ ಜೊತೆ ಹೋಗುತ್ತದೆ.

ಇನ್ನು ದೇಹದ ಒಳಗೆ. ದಪ್ಪ ಕಣವನ್ನು ಮೂಗಿನ ಕೂದಲೂ ಲೋಳೆಯೂ ತಡೆಯುತ್ತವೆ. ಸೀನು, ಕೆಮ್ಮು ಅದನ್ನು ಹೊರಗೆ ದೂಡುತ್ತವೆ. ಶ್ವಾಸನಾಳದ ಒಳಗೋಡೆಯ ಲೋಮಾಂಗಗಳು ಅಳಿದುಳಿದದ್ದನ್ನು ಲೋಳೆಯ ಜೊತೆ ಮೇಲಕ್ಕೆ ಗುಡಿಸುತ್ತವೆ. ಆದರೆ 2.5 ಮೈಕ್ರಾನಿಗಿಂತ ಚಿಕ್ಕ ಕಣಗಳಲ್ಲಿ ಹಲವು ಈ ಕಾವಲನ್ನೆಲ್ಲ ದಾಟಿ ಶ್ವಾಸಕೋಶದ ತುದಿಯಲ್ಲಿರುವ ಕೋಟ್ಯಂತರ ಗಾಳಿಗೂಡುಗಳನ್ನು ತಲುಪುತ್ತವೆ. ಅಲ್ಲಿ ಲೋಮಾಂಗಗಳಿಲ್ಲ. ಆಮ್ಲಜನಕ ರಕ್ತಕ್ಕೆ ಸೇರಬೇಕಾದ ಜಾಗವಾದ್ದರಿಂದ ಗೋಡೆ ಬಹಳ ತೆಳು.

ಮೇಲ್ಮೈ ವಿಸ್ತೀರ್ಣವನ್ನೂ ಲೆಕ್ಕ ಹಾಕಿ ನೋಡಿ. ಒಂದು ಸೆಂಟಿಮೀಟರ್ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ ಒಂದೊಂದು ಮೈಕ್ರಾನಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 60,000 ಚದರ ಸೆಂಟಿಮೀಟರ್, ಎಂದರೆ 6 ಚದರ ಮೀಟರ್. ತೂಕ ಅಷ್ಟೇ, ಮೇಲ್ಮೈ ಹತ್ತು ಸಾವಿರ ಪಟ್ಟು. ಆ ಮೇಲ್ಮೈಗೆ ಲೋಹಗಳೂ ಅರೆಬೆಂದ ಇಂಧನದ ಸಾವಯವ ರಾಸಾಯನಿಕಗಳೂ ಅಂಟಿಕೊಂಡು ಒಳಗೆ ಸೇರುತ್ತವೆ.

ಮುಷ್ಕರವೊಂದು ಕಲಿಸಿದ ಪಾಠ

ಮನುಷ್ಯರಿಗೆ ವಿಷದ ಗಾಳಿ ಉಣಿಸಿ ಪ್ರಯೋಗ ಮಾಡುವಂತಿಲ್ಲ. ಆದರೆ ಕೆಲವೊಮ್ಮೆ ಸನ್ನಿವೇಶವೇ ಪ್ರಯೋಗವಾಗಿಬಿಡುತ್ತದೆ. ಅಮೆರಿಕದ ಯೂಟಾ ಕಣಿವೆಯಲ್ಲಿ ಒಂದು ದೊಡ್ಡ ಉಕ್ಕಿನ ಕಾರ್ಖಾನೆ ಇತ್ತು. ಕಾರ್ಮಿಕ ವಿವಾದದ ಕಾರಣ 1986ರ ಆಗಸ್ಟ್‌ನಿಂದ 1987ರ ಸೆಪ್ಟೆಂಬರ್‌ವರೆಗೆ ಅದು ಮುಚ್ಚಿತ್ತು. ಆರ್ಡನ್ ಪೋಪ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕರು ಆಸ್ಪತ್ರೆಗಳ ದಾಖಲಾತಿ ಪಟ್ಟಿಗಳನ್ನು ತರಿಸಿ ನೋಡಿದರು. ಕಾರ್ಖಾನೆ ನಡೆಯುತ್ತಿದ್ದ ಚಳಿಗಾಲಗಳಲ್ಲಿ ಶ್ವಾಸನಾಳದ ಉರಿಯೂತಕ್ಕೂ ಆಸ್ತಮಾಕ್ಕೂ ಆಸ್ಪತ್ರೆ ಸೇರಿದ ಮಕ್ಕಳ ಸಂಖ್ಯೆ, ಮುಚ್ಚಿದ್ದ ಚಳಿಗಾಲಕ್ಕಿಂತ ಎರಡು ಮೂರು ಪಟ್ಟು ಇತ್ತು. ಆ ಕಣಿವೆಯ ಬಹುಪಾಲು ಜನ ಧೂಮಪಾನ ನಿಷಿದ್ಧವಾದ ಮತಕ್ಕೆ ಸೇರಿದವರಾದ್ದರಿಂದ ಸಿಗರೇಟಿನ ಮೇಲೆ ತಪ್ಪು ಹೊರಿಸಲೂ ಆಗುವಂತಿರಲಿಲ್ಲ. ಈ ಅಧ್ಯಯನ 1989ರಲ್ಲಿ ಪ್ರಕಟವಾಯಿತು.

ಅಲ್ಲಿನ ಗಾಳಿ ಸೋಸಿದ ಶೋಧಕ ಕಾಗದಗಳು ಅದೃಷ್ಟವಶಾತ್ ಉಳಿದಿದ್ದವು. ಮುಂದೆ ವಿಜ್ಞಾನಿಗಳು ಅವುಗಳಿಂದ ಧೂಳನ್ನು ಬೇರ್ಪಡಿಸಿ ಅದರ ಸಾರವನ್ನು ಪ್ರಾಣಿಗಳ ಮೇಲೆ, ನಂತರ ಒಪ್ಪಿ ಬಂದ ಕೆಲವು ಸ್ವಯಂಸೇವಕರ ಶ್ವಾಸಕೋಶದ ಮೇಲೆ ಅತ್ಯಲ್ಪ ಪ್ರಮಾಣದಲ್ಲಿ ಪರೀಕ್ಷಿಸಿದರು. ಕಾರ್ಖಾನೆ ನಡೆಯುತ್ತಿದ್ದ ವರ್ಷಗಳ ಧೂಳು ಹೆಚ್ಚು ಉರಿಯೂತ ಉಂಟುಮಾಡಿತು. ಮುಚ್ಚಿದ್ದ ವರ್ಷದ ಧೂಳು ಅಷ್ಟು ಮಾಡಲಿಲ್ಲ. ವ್ಯತ್ಯಾಸಕ್ಕೆ ಕಾರಣ ಧೂಳಿನಲ್ಲಿದ್ದ ಲೋಹಗಳು ಎಂಬ ಸುಳಿವು ಸಿಕ್ಕಿತು. ಧೂಳಿನ ತೂಕದಂತೆ ಅದರ ಮೂಲವೂ ಮುಖ್ಯ ಎಂಬುದು ಇದರಿಂದ ತಿಳಿಯಿತು.

ಆರು ಊರುಗಳು

ಇದೇ ಕಾಲದಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಇನ್ನೂ ದೊಡ್ಡದೊಂದು ಲೆಕ್ಕದಲ್ಲಿ ತೊಡಗಿದ್ದರು. 1970ರ ದಶಕದ ನಡುವಿನಲ್ಲಿ ಅವರು ಅಮೆರಿಕದ ಆರು ಊರುಗಳಿಂದ 8,111 ವಯಸ್ಕರನ್ನು ಆರಿಸಿಕೊಂಡರು. ಪ್ರತಿಯೊಬ್ಬರ ವಯಸ್ಸು, ತೂಕ, ವಿದ್ಯಾಭ್ಯಾಸ, ಧೂಮಪಾನದ ಅಭ್ಯಾಸ ಎಲ್ಲವನ್ನೂ ಬರೆದಿಟ್ಟರು. ಆಯಾ ಊರಿನ ಗಾಳಿಯನ್ನು ಅಳೆಯುತ್ತ ಬಂದರು. ಹದಿನಾಲ್ಕರಿಂದ ಹದಿನಾರು ವರ್ಷ ಕಾದರು. ಯಾರು ಬದುಕಿದ್ದಾರೆ, ಯಾರು ತೀರಿಕೊಂಡರು ಎಂಬುದನ್ನು ಎಣಿಸಿದರು.

1993ರ ಡಿಸೆಂಬರಿನಲ್ಲಿ ಡಗ್ಲಸ್ ಡಾಕರಿ ಮತ್ತು ಸಂಗಡಿಗರು ಫಲಿತಾಂಶ ಪ್ರಕಟಿಸಿದರು. ಧೂಮಪಾನ ಮೊದಲಾದ ಕಾರಣಗಳನ್ನು ಕಳೆದ ಮೇಲೂ, ಅತ್ಯಂತ ಕೊಳಕು ಗಾಳಿಯ ಸ್ಟ್ಯೂಬೆನ್‌ವಿಲ್‌ನಲ್ಲಿ ಸಾವಿನ ಪ್ರಮಾಣ ಅತ್ಯಂತ ಶುದ್ಧ ಗಾಳಿಯ ಪೋರ್ಟೇಜ್‌ಗಿಂತ ಶೇಕಡಾ 26ರಷ್ಟು ಹೆಚ್ಚಿತ್ತು. ಸಾವಿಗೂ ಗಾಳಿಗೂ ಇದ್ದ ನಂಟು ಸೂಕ್ಷ್ಮ ಕಣಗಳ ಮಟ್ಟಕ್ಕೆ ನಿಕಟವಾಗಿ ಹೊಂದಿಕೊಂಡಿತ್ತು. ಅಚ್ಚರಿಯೆಂದರೆ ಆ ಕೊಳಕು ಊರಿನಲ್ಲೂ ಸೂಕ್ಷ್ಮ ಕಣಗಳ ಸರಾಸರಿ ಘನ ಮೀಟರಿಗೆ ಸುಮಾರು 30 ಮೈಕ್ರೋಗ್ರಾಂ ಮಾತ್ರ. ಲಂಡನ್ನಿನ ಕಪ್ಪು ಮಂಜು ಅಲ್ಲಿರಲಿಲ್ಲ. ಜನ ಎಂದಿನಂತೆ ಕೆಲಸಕ್ಕೆ ಹೋಗಿಬರುತ್ತಿದ್ದ ಸಾಧಾರಣ ದಿನಗಳ ಗಾಳಿಯೇ ಆಯುಷ್ಯವನ್ನು ಕಡಿಮೆ ಮಾಡುತ್ತಿತ್ತು.

1995ರಲ್ಲಿ ಪೋಪ್ ಮತ್ತು ಸಂಗಡಿಗರು ಐದು ಲಕ್ಷಕ್ಕೂ ಹೆಚ್ಚು ಜನರ ದಾಖಲೆಗಳಿಂದ ಇದೇ ಬಗೆಯ ಉತ್ತರ ಪಡೆದರು. 1997ರಲ್ಲಿ ಅಮೆರಿಕ ಮೊದಲ ಬಾರಿಗೆ ಪಿ.ಎಂ. 2.5ಕ್ಕೆ ಪ್ರತ್ಯೇಕ ಮಿತಿ ವಿಧಿಸಿತು. ಕೈಗಾರಿಕೆಗಳು ಪ್ರತಿಭಟಿಸಿದವು, ಮೂಲ ಅಂಕಿಅಂಶಗಳನ್ನು ಬಹಿರಂಗಪಡಿಸಬೇಕೆಂದು ಒತ್ತಾಯಿಸಿದವು. ಕೊನೆಗೆ ಒಂದು ಸ್ವತಂತ್ರ ತಂಡ ಎಲ್ಲವನ್ನೂ ಮೊದಲಿನಿಂದ ಪರಿಶೀಲಿಸಿ 2000ದಲ್ಲಿ ವರದಿ ಕೊಟ್ಟಿತು. ಮೂಲ ಲೆಕ್ಕ ಸರಿಯಾಗಿಯೇ ಇತ್ತು. ಅನುಮಾನ ಪಡುವುದು ತಪ್ಪಲ್ಲ, ಅನುಮಾನಕ್ಕೆ ಲೆಕ್ಕದಿಂದಲೇ ಉತ್ತರ ಕೊಡಬೇಕು ಎಂಬ ವಿಜ್ಞಾನದ ಶಿಸ್ತಿಗೆ ಇದೊಂದು ಒಳ್ಳೆಯ ಉದಾಹರಣೆ.

ಗಾಳಿಗೂಡಿನಿಂದ ಹೃದಯಕ್ಕೆ

ಶ್ವಾಸಕೋಶದ ಧೂಳು ಹೃದಯವನ್ನು ಕೆಡಿಸುವುದು ಹೇಗೆ? ಗಾಳಿಗೂಡಿಗೆ ಬಂದ ಕಣವನ್ನು ನಮ್ಮ ದೇಹದ ಭಕ್ಷಕ ಕೋಶಗಳು ನುಂಗಲು ಹೋಗುತ್ತವೆ. ಆ ಹೋರಾಟದಲ್ಲಿ ಅವು ಉರಿಯೂತದ ರಾಸಾಯನಿಕಗಳನ್ನು ಸ್ರವಿಸುತ್ತವೆ. ಅವು ರಕ್ತಕ್ಕೆ ಸೇರುತ್ತವೆ. ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ, ರಕ್ತನಾಳದ ಒಳಗೋಡೆ ಹದಗೆಡುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ ಹೃದಯಾಘಾತ, ಲಕ್ವ, ದೀರ್ಘಕಾಲದ ಶ್ವಾಸರೋಗಗಳ ಸಂಭವ ಏರುತ್ತದೆ. ಅತಿ ಸೂಕ್ಷ್ಮ ಕಣಗಳು ನೇರವಾಗಿ ರಕ್ತಕ್ಕೇ ಇಳಿಯಬಲ್ಲವು. 2019ರಲ್ಲಿ ಬೆಲ್ಜಿಯಂನ ವಿಜ್ಞಾನಿಗಳು ಗರ್ಭದಲ್ಲಿರುವ ಮಗುವಿನ ಕಡೆಯ ಮಾಸುಚೀಲದಲ್ಲೂ ಮಸಿಯ ಕಣಗಳನ್ನು ಕಂಡರು. ವಾಯುಮಾಲಿನ್ಯ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2013ರಲ್ಲಿ ಘೋಷಿಸಿತು.

ನಿಮ್ಮ ವಯಸ್ಸಿನವರಿಗೆ ಸಂಬಂಧಿಸಿದ ಒಂದು ಅಧ್ಯಯನವನ್ನು ಹೇಳಲೇಬೇಕು. ದಕ್ಷಿಣ ಕ್ಯಾಲಿಫೋರ್ನಿಯಾದ ಹನ್ನೆರಡು ಊರುಗಳ ಮಕ್ಕಳನ್ನು ಹತ್ತನೆಯ ವಯಸ್ಸಿನಿಂದ ಹದಿನೆಂಟರವರೆಗೆ ವಿಜ್ಞಾನಿಗಳು ವರ್ಷ ವರ್ಷವೂ ಪರೀಕ್ಷಿಸಿದರು. ಹೆಚ್ಚು ಮಲಿನ ಊರುಗಳಲ್ಲಿ ಬೆಳೆದವರ ಶ್ವಾಸಕೋಶದ ಬೆಳವಣಿಗೆ ಹಿಂದೆ ಬಿದ್ದಿತ್ತು ಎಂದು 2004ರಲ್ಲಿ ವರದಿಯಾಯಿತು. ಗಾಳಿ ಸುಧಾರಿಸಿದ ಮೇಲೆ ಬೆಳೆದ ಮಕ್ಕಳ ಶ್ವಾಸಕೋಶಗಳು ಉತ್ತಮವಾಗಿದ್ದವು ಎಂದು 2015ರಲ್ಲಿ ಅದೇ ಅಧ್ಯಯನ ತಿಳಿಸಿತು. ಎರಡನೆಯ ಮಾತು ಮೊದಲನೆಯದರಷ್ಟೇ ಮುಖ್ಯ.

ನಮ್ಮ ಅಡುಗೆಮನೆ, ನಮ್ಮ ರಸ್ತೆ

ಭಾರತದಲ್ಲಿ ಈ ಲೆಕ್ಕ ಆರಂಭವಾದದ್ದು ಅಡುಗೆಮನೆಯಿಂದ ಎನ್ನಬಹುದು. ದೆಹಲಿಯ ಹೃದ್ರೋಗ ತಜ್ಞೆ ಡಾ. ಎಸ್. ಪದ್ಮಾವತಿಯವರು, ಶ್ವಾಸಕೋಶ ಕೆಟ್ಟು ಹೃದಯದ ಬಲಭಾಗಕ್ಕೆ ಹೊರೆಯಾಗುವ ಕಾಯಿಲೆಯನ್ನು ಗಮನಿಸುತ್ತಿದ್ದರು. ಬೇರೆ ದೇಶಗಳಲ್ಲಿ ಇದು ಮುಖ್ಯವಾಗಿ ಧೂಮಪಾನ ಮಾಡುವ ಗಂಡಸರ ಕಾಯಿಲೆ. ಇಲ್ಲಿ ಬೀಡಿ ಮುಟ್ಟದ ಹೆಂಗಸರಲ್ಲೂ ಅದು ಧಾರಾಳವಾಗಿ ಕಂಡಿತು. ಬಾಲ್ಯದಿಂದಲೇ ಸೌದೆ, ಬೆರಣಿಯ ಒಲೆಯ ಮುಂದೆ ಕುಳಿತದ್ದೇ ಕಾರಣವಿರಬೇಕೆಂದು ಅವರು 1959ರ ಪ್ರಬಂಧವೊಂದರಲ್ಲಿ ಸೂಚಿಸಿದರು. 1980ರ ದಶಕದ ಆರಂಭದಲ್ಲಿ ಕಿರ್ಕ್ ಸ್ಮಿತ್ ಮತ್ತು ಭಾರತೀಯ ಸಂಗಡಿಗರು ಗುಜರಾತಿನ ಹಳ್ಳಿಗಳ ಹೆಂಗಸರು ಅಡುಗೆ ಮಾಡುವ ಹೊತ್ತಿನಲ್ಲಿ ಉಸಿರಾಡುವ ಧೂಳನ್ನು ಅಳೆದರು. ಮಹಾನಗರಗಳ ಕೊಳಕು ಬೀದಿಗಿಂತ ಹಳ್ಳಿಯ ಅಡುಗೆಮನೆಯ ಗಾಳಿ ಹಲವು ಪಟ್ಟು ಕೆಟ್ಟದ್ದಾಗಿತ್ತು.

ಇದೇ ಅವಧಿಯಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಪ್ರೊ. ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಆರಂಭಿಸಿದ್ದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಘಟಕ ಹೊಸದೊಂದು ಒಲೆಯನ್ನು ರೂಪಿಸಿತು. 'ಅಸ್ತ್ರ ಒಲೆ' ಎಂಬ ಹೆಸರಿನಲ್ಲಿ ಅದು ಕರ್ನಾಟಕದ ಅನೇಕ ಹಳ್ಳಿಗಳನ್ನು ಮುಟ್ಟಿತು. ಒಂದೇ ಬೆಂಕಿಯ ಬಿಸಿ ಮೂರು ಪಾತ್ರೆಗಳ ತಳ ಸವರಿ, ಹೊಗೆ ಕೊಳವೆಯ ಮೂಲಕ ಹೊರಗೆ ಹೋಗುವ ಏರ್ಪಾಟು. ಸೌದೆ ಉಳಿಯಿತು, ಅಟ್ಟ ಮಸಿ ಹಿಡಿಯುವುದು ತಗ್ಗಿತು, ಕಣ್ಣುರಿ ಕಡಿಮೆಯಾಯಿತು. ಆದರೂ ಹೊಗೆ ಮನೆಯಿಂದ ಕೇರಿಗೆ ಸಾಗಿತೇ ಹೊರತು ಹುಟ್ಟದೇ ಉಳಿಯಲಿಲ್ಲ. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯ ನಂತರ ಅನಿಲದ ಸಿಲಿಂಡರು ಕೋಟ್ಯಂತರ ಬಡವರ ಮನೆಗೆ ಬಂದಿದೆ. ಮತ್ತೆ ಸಿಲಿಂಡರು ತುಂಬಿಸುವ ದುಡ್ಡು ಹೊಂದದಾಗ ಸೌದೆ ಒಲೆ ಮತ್ತೆ ಹೊತ್ತುವುದೂ ಉಂಟು.

ಬೀದಿಯ ಕಥೆ ನ್ಯಾಯಾಲಯದಲ್ಲಿ ನಡೆಯಿತು. ವಕೀಲ ಎಂ.ಸಿ. ಮೆಹ್ತಾ ಅವರು 1985ರಲ್ಲಿ ಹೂಡಿದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ 1998ರಲ್ಲಿ ದೆಹಲಿಯ ಬಸ್ಸುಗಳು ಡೀಸೆಲ್ ಬಿಟ್ಟು ಸಿ.ಎನ್.ಜಿ. ಅನಿಲಕ್ಕೆ ಬದಲಾಗಬೇಕೆಂದು ಆದೇಶಿಸಿತು. 2002ರ ಕೊನೆಗೆ ಅದು ಪೂರ್ಣವಾಯಿತು. 2009ರಲ್ಲಿ ಭಾರತ ಪಿ.ಎಂ. 2.5ಕ್ಕೆ ಮಿತಿ ನಿಗದಿ ಮಾಡಿತು: ವಾರ್ಷಿಕ ಸರಾಸರಿ ಘನ ಮೀಟರಿಗೆ 40 ಮೈಕ್ರೋಗ್ರಾಂ, 24 ಗಂಟೆಗಳ ಸರಾಸರಿ 60. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಟ್ಟಗಳು ಕ್ರಮವಾಗಿ 5 ಮತ್ತು 15. 2020ರ ಏಪ್ರಿಲ್‌ನಿಂದ ದೇಶಾದ್ಯಂತ ಹೊಸ ವಾಹನಗಳಿಗೆ ಬಿ.ಎಸ್. 6 ಮಾನದಂಡ ಜಾರಿಯಾಗಿ, ಇಂಧನದಲ್ಲಿನ ಗಂಧಕ ಬಹಳ ಕಡಿಮೆಯಾಯಿತು.

2019ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವನ್ನು ಆರಂಭಿಸಿತು. ಮಿತಿ ಮೀರಿದ ನಗರಗಳ ಪಟ್ಟಿಯಲ್ಲಿ ಕರ್ನಾಟಕದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿ ಸೇರಿದವು. ಆದರೆ ನಗರಗಳ ಪ್ರಗತಿಯನ್ನು ಮುಖ್ಯವಾಗಿ ಅಳೆದದ್ದು ಪಿ.ಎಂ. 10ರಿಂದ, ಎಂದರೆ ದಪ್ಪ ಕಣಗಳನ್ನೂ ಒಳಗೊಂಡ ಲೆಕ್ಕದಿಂದ. ರಸ್ತೆ ಗುಡಿಸುವ ಯಂತ್ರ, ನೀರು ಚಿಮುಕಿಸುವ ಲಾರಿ ಇವುಗಳಿಂದ ಆ ಲೆಕ್ಕ ಸುಧಾರಿಸಬಹುದು. ಡೀಸೆಲ್ಲಿನ, ಕಲ್ಲಿದ್ದಲಿನ, ಸುಡುವ ಕಸದ ಸೂಕ್ಷ್ಮ ಕಣ ಅದಕ್ಕೆಲ್ಲ ಜಗ್ಗುವುದಿಲ್ಲ. ಕಾಣುವ ಧೂಳನ್ನು ಹಿಡಿದು ಕಾಣದ್ದನ್ನು ಬಿಡುವ ಹಳೆಯ ಅಭ್ಯಾಸ ಇನ್ನೂ ನಮ್ಮನ್ನು ಪೂರ್ತಿ ಬಿಟ್ಟಿಲ್ಲ.

ಮರಣಪತ್ರದಲ್ಲಿ ಒಂದು ಹೊಸ ಸಾಲು

ಮತ್ತೆ ಲಂಡನ್ನಿಗೆ ಬರೋಣ. ದಕ್ಷಿಣ ಲಂಡನ್ನಿನಲ್ಲಿ ವಾಹನದಟ್ಟಣೆಯ ರಸ್ತೆಯೊಂದರ ಸಮೀಪ ವಾಸವಿದ್ದ 9 ವರ್ಷದ ಬಾಲಕಿಯೊಬ್ಬಳು ತೀವ್ರ ಆಸ್ತಮಾದಿಂದ 2013ರಲ್ಲಿ ತೀರಿಕೊಂಡಳು. ಆಕೆಯ ತಾಯಿ ವರ್ಷಗಟ್ಟಲೆ ಹೋರಾಡಿ ವಿಚಾರಣೆಯನ್ನು ಮತ್ತೆ ನಡೆಸುವಂತೆ ಮಾಡಿದರು. ಆ ಪ್ರದೇಶದ ಗಾಳಿಯ ಅಳತೆಗಳನ್ನೂ, ಮಗು ಆಸ್ಪತ್ರೆ ಸೇರಿದ ದಿನಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲಾಯಿತು. 2020ರ ಡಿಸೆಂಬರಿನಲ್ಲಿ ಮರಣ ವಿಚಾರಣಾಧಿಕಾರಿ ಸಾವಿನ ಕಾರಣಗಳಲ್ಲಿ ವಾಯುಮಾಲಿನ್ಯವನ್ನೂ ಸೇರಿಸಿದರು. ಬ್ರಿಟನ್ನಿನಲ್ಲಿ ಹಾಗೆ ಆದದ್ದು ಅದೇ ಮೊದಲು. 1952ರಲ್ಲಿ ಸಾವಿರಾರು ಜನರ ಮರಣಪತ್ರಗಳಲ್ಲಿ ಬರೆಯದೇ ಬಿಟ್ಟ ಪದ, ಅರವತ್ತೆಂಟು ವರ್ಷಗಳ ನಂತರ ಅದೇ ನಗರದಲ್ಲಿ ಒಂದು ಮಗುವಿನ ಪತ್ರದಲ್ಲಿ ಬಂದಿತು. ಅದಕ್ಕೆ ಕಾರಣ, ಆ ಮಗುವಿನ ಮನೆಯ ಹತ್ತಿರ ಗಾಳಿಯನ್ನು ಅಳೆಯುವ ಒಂದು ಕೇಂದ್ರವಿತ್ತು.

ಮಿತ್ರರೇ, ಈಗ ನೀವು ಮಾಡಬಹುದಾದ ಒಂದು ಕೆಲಸವಿದೆ. ನಿಮ್ಮ ಶಾಲೆ ಅಥವಾ ಕಾಲೇಜಿಗೆ ಹತ್ತಿರದ ಗಾಳಿ ಮಾಪನ ಕೇಂದ್ರ ಎಲ್ಲಿದೆ ಎಂದು ವಿಚಾರಿಸಿ. ಮಾಲಿನ್ಯ ನಿಯಂತ್ರಣ ಮಂಡಳಿ ಈ ಕೇಂದ್ರಗಳ ಅಂಕಿಗಳನ್ನು ಪ್ರಕಟಿಸುತ್ತದೆ. ಪಿ.ಎಂ. 2.5ರ ದಿನದ ಸರಾಸರಿಯನ್ನು ಒಂದು ತಿಂಗಳು ನೋಟು ಪುಸ್ತಕದಲ್ಲಿ ಬರೆದಿಡಿ. 15 ಮತ್ತು 60, ಈ ಎರಡು ಗೆರೆಗಳನ್ನು ಎಳೆದು ನಕ್ಷೆ ಬಿಡಿಸಿ. ಯಾವ ದಿನ ಏರಿತು, ಆ ದಿನ ಗಾಳಿ ಬೀಸುತ್ತಿತ್ತೇ, ಹತ್ತಿರದಲ್ಲಿ ಕಸ ಸುಟ್ಟರೇ, ಹಬ್ಬವಿತ್ತೇ ಎಂದು ಪಕ್ಕದಲ್ಲಿ ಗುರುತು ಮಾಡಿ. ಹತ್ತಿರದಲ್ಲಿ ಕೇಂದ್ರವೇ ಇಲ್ಲವೆಂದು ತಿಳಿದುಬಂದರೆ ಅದನ್ನೂ ಬರೆದಿಡಿ. ಅಳೆಯದ ಊರಿನ ಗಾಳಿ ಶುದ್ಧವಾಗಿದೆ ಎಂದು ಹೇಳಲು ಯಾರಿಗೂ ಆಧಾರವಿಲ್ಲ. ನಮ್ಮ ಊರಿನಲ್ಲಿ ಏಕೆ ಅಳೆಯುತ್ತಿಲ್ಲ ಎಂದು ಪುರಸಭೆಯನ್ನೋ ಪಂಚಾಯಿತಿಯನ್ನೋ ಕೇಳಲು ನಿಮ್ಮ ವಯಸ್ಸು ಅಡ್ಡಿಯಾಗದು.